ಚೀಟಿಯಲ್ಲಿ ಬರೆದ ಚಿಲಕ

ಮಕ್ಕಳ ವಾರ್ಡಿನಲ್ಲಿ ಹದಿನಾರು ವರ್ಷ ನರ್ಸ್ ಆಗಿ ದುಡಿದ ಮೇಲೆ ಆ ಸಿಸ್ಟರ್‌ಗೆ ಮತ್ತೆ ಓದುವ ಹುಚ್ಚು ಹಿಡಿಯಿತು. ಎರಡು ವರ್ಷ ಓದಿ, ಪರೀಕ್ಷೆ ಪಾಸಾಗಿ, ಮಕ್ಕಳನ್ನು ತಾನೇ ನೋಡಿ, ಕಾಯಿಲೆ ಇಂಥದ್ದೆಂದು ಹೇಳಿ, ಔಷಧಿ ಚೀಟಿ ಬರೆಯುವ ಅಧಿಕಾರ ಪಡೆದಳು. ಆಸ್ಪತ್ರೆಯವರು ಹಿಗ್ಗಿಹೋಗಿ, ಕೆಟ್ಟ ತೂಕದ ಯಂತ್ರಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಅವಳಿಗೆ ದಯಪಾಲಿಸಿದರು. ಯಂತ್ರಗಳನ್ನೂ ಅರ್ಧದಷ್ಟು ತೆಗೆಸಿಕೊಟ್ಟರು.

ಅಲ್ಲಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ. ನೋಡುವವಳು ನಾನೇ ಅಂದರೆ, ಸರಿ, ಆದರೆ ಡಾಕ್ಟರ್ ಯಾವಾಗ, ಅನ್ನುತ್ತಿದ್ದರು. ಬೇಜಾರು ಮಾಡಿಕೊಳ್ಳುವುದನ್ನು ಅವಳು ಮೊದಲ ತಿಂಗಳೇ ಬಿಟ್ಟಿದ್ದಳು. ದಿನಕ್ಕೆ ಮೂವತ್ತು ಸಲ ಬೇಜಾರಾಗಲು ಪುರುಸೊತ್ತಾದರೂ ಎಲ್ಲಿ?

ಒಂದು ಸೋಮವಾರ ಏಳು ವರ್ಷದ ಹುಡುಗಿಯೊಬ್ಬಳು ತಾಯಿ ಮತ್ತು ಅಜ್ಜನ ಜೊತೆ ಬಂದಳು. ಮೇಲಿನ ಮಹಡಿಯ ಮಕ್ಕಳ ತಜ್ಞರು ಯಾವುದೋ ಸಮ್ಮೇಳನದಲ್ಲಿ ಭಾಷಣ ಮಾಡಲು ಹೋಗಿದ್ದರಿಂದ ಇವರನ್ನು ಕೆಳಗೆ ಕಳಿಸಿದ್ದರು. ಅಜ್ಜ ನಲವತ್ತು ವರ್ಷ ಮರಗೆಲಸ ಮಾಡಿದವರು. ಕಂಕುಳಲ್ಲಿ ದಪ್ಪನೆಯ ಫೈಲು. ಅದರ ತುಂಬ ಮೊಮ್ಮಗಳ ಮೂರು ತಿಂಗಳ ಹೊಟ್ಟೆನೋವು: ಎರಡು ಸ್ಕ್ಯಾನು, ನಾಲ್ಕು ರಕ್ತಪರೀಕ್ಷೆ, ಮೂರು ಸಲ ಜಂತುಹುಳದ ಔಷಧಿ. ಹುಳ ಒಂದೂ ಸಿಕ್ಕಿರಲಿಲ್ಲ, ಆದರೂ ತಜ್ಞರು ಛಲ ಬಿಟ್ಟಿರಲಿಲ್ಲ. ಮಗುವಿಗೆ ಹಾಲು ಬಿಡಿಸಿದ್ದರು, ಗೋಧಿ ಬಿಡಿಸಿದ್ದರು. ಇನ್ನೊಂದು ತಿಂಗಳಾಗಿದ್ದರೆ ಊಟವನ್ನೇ ಬಿಡಿಸುತ್ತಿದ್ದರೇನೋ.

ಸಿಸ್ಟರ್ ಫೈಲನ್ನು ಪಕ್ಕಕ್ಕಿಟ್ಟು ಹುಡುಗಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದಳು. ಎಡಗಡೆ ಕೆಳಗೆ ಗಟ್ಟಿಯಾಗಿ ಗಂಟುಗಂಟಾಗಿ ಏನೋ ಕೈಗೆ ಸಿಕ್ಕಿತು. ಫೈಲು ಓದದೆ ಕೈಯಲ್ಲಿ ನೋಡುವ ಈ ಪದ್ಧತಿ ಅಜ್ಜನಿಗೆ ಹಿಡಿಸಲಿಲ್ಲ. ಡಾಕ್ಟರು ಯಾವತ್ತು ವಾಪಸ್ ಬರ್ತಾರೆ ಎಂದು ಗೋಡೆಯನ್ನು ಕೇಳಿದರು. ಗುರುವಾರ ಅಂತ ಗೋಡೆಯ ಪರವಾಗಿ ಸಿಸ್ಟರೇ ಹೇಳಿದಳು. ಆಮೇಲೆ ಹುಡುಗಿಯನ್ನು ಕೇಳಿದಳು, "ಪುಟ್ಟಿ, ಸ್ಕೂಲಲ್ಲಿ ಕಕ್ಕಸಿಗೆ ಹೋಗ್ತೀಯಾ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ, ಹೋಗ್ತಾಳಲ್ಲ, ಎಂದರು. ಸಿಸ್ಟರ್ ತಾಯಿಯ ಕಡೆ ತಿರುಗಲಿಲ್ಲ, ಹುಡುಗಿಯ ಪಕ್ಕದಲ್ಲಿ ಕೂತಳು. ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು.

"ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ. ಯಾರಾದ್ರೂ ತಳ್ಳಿಬಿಡ್ತಾರೆ. ಅದಕ್ಕೆ ನಾನು ನೀರೇ ಕುಡಿಯಲ್ಲ."

ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ನಾಲ್ಕರವರೆಗೆ ಹಲ್ಲು ಕಚ್ಚಿ ತಡೆದುಕೊಳ್ಳುವುದು. ಮನೆಗೆ ಬಂದರೆ ಗಟ್ಟಿಯಾದ ಮಲದ ನೋವಿಗೆ ಹೆದರಿ ಮತ್ತೆ ತಡೆದುಕೊಳ್ಳುವುದು. ಮೂರು ತಿಂಗಳಲ್ಲಿ ಇದನ್ನು ಯಾವ ಸ್ಕ್ಯಾನೂ ಕೇಳಿರಲಿಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಮನೇಲಿ ನಾವಾದ್ರೂ ಕೇಳಬಹುದಿತ್ತು ಎಂದರು.

ಸಿಸ್ಟರ್ ಮಲ ಸಡಿಲಾಗುವ ಸಿರಪ್ ಬರೆದಳು. ಹಾಲು, ಗೋಧಿ ವಾಪಸ್ ಕೊಡಿಸಿದಳು. ಊಟವಾದ ಮೇಲೆ ಕಾಲ ಕೆಳಗೆ ಮಣೆ ಇಟ್ಟು ಹತ್ತು ನಿಮಿಷ ಕಮೋಡಿನ ಮೇಲೆ ಕೂರಿಸಿ, ಬೈಯಬೇಡಿ, ಎಂದಳು. ಮಧ್ಯಾಹ್ನ ಶಾಲೆಗೆ ಫೋನ್ ಮಾಡಿದಳು. ನಾಲ್ಕು ತಿಂಗಳ ಹಿಂದೆ ಒಂದು ಮಗು ಒಳಗೆ ಸಿಕ್ಕಿಕೊಂಡಿತ್ತಂತೆ, ಆದ್ದರಿಂದ ಸುರಕ್ಷತೆಯ ದೃಷ್ಟಿಯಿಂದ ಎಲ್ಲ ಚಿಲಕ ಕೀಳಿಸಿದ್ದರಂತೆ. ಹೊಸ ಚಿಲಕದ ವಿಷಯ ಸಮಿತಿಯ ಮುಂದಿದೆ, ಸಮಿತಿ ಮುಂದಿನ ರಜೆ ಮುಗಿದ ಮೇಲೆ ಸೇರುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ತುಂಬ ಸೌಜನ್ಯದಿಂದ ತಿಳಿಸಿದರು. ಅಲ್ಲಿಯವರೆಗೆ ಮಕ್ಕಳ ಹೊಟ್ಟೆಯೂ ಸಮಿತಿಗೆ ಕಾಯಬೇಕು, ಅಷ್ಟೇ.

ಮರುದಿನ ಅಜ್ಜ ಸಿರಪ್ಪಿನ ಅಳತೆ ಕೇಳಲು ಬಂದಾಗ ಅವಳು ಶಾಲೆಯವರು ಹೇಳಿದ್ದನ್ನು ತಿಳಿಸಿ, ಇನ್ನೊಂದು ಚೀಟಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಳು. ಅದರಲ್ಲಿ ಹೀಗಿತ್ತು: ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ, ಒಂದು. ಪ್ರತಿದಿನ. ಮಧ್ಯದಲ್ಲಿ ನಿಲ್ಲಿಸಬಾರದು.

ಅಜ್ಜ ಎರಡು ಸಲ ಓದಿದರು. ಮೂರು ತಿಂಗಳಲ್ಲಿ ಅವರಿಗೆ ಅರ್ಥವಾದ ಮೊದಲ ಚೀಟಿ ಅದು.

"ಮಗು ಒಳಗೆ ಸಿಕ್ಕಿಕೊಂಡ್ರೆ ಹೊರಗಿಂದ ತೆಗೆಯೋ ಹಾಗೆ ಇರ್ಬೇಕು," ಎಂದರು. "ಎತ್ತರಕ್ಕೆ ಹೊಡೀಬಾರ್ದು, ಮಕ್ಕಳ ಕೈಗೆ ಎಟುಕ್ಬೇಕು. ನಾನೇ ಮಾಡ್ತೀನಿ."

ವಿನಂತಿಗೆ ಬಗ್ಗದ ಮುಖ್ಯೋಪಾಧ್ಯಾಯಿನಿ ಮೊಹರು ಕಂಡ ಕೂಡಲೇ ಬಗ್ಗಿದರು. ವೈದ್ಯಕೀಯ ಕಾರಣವಿದ್ದರೆ ಸಮಿತಿ ಬೇಕಾಗಿಲ್ಲವಂತೆ. ಅಜ್ಜ ಅರ್ಧ ದಿನದಲ್ಲಿ ಅಲ್ಲಿದ್ದ ನಾಲ್ಕು ಬಾಗಿಲಿಗೂ ಚಿಲಕ ಹೊಡೆದು, ಕೀಲುಗಳಿಗೆ ಎಣ್ಣೆ ಬಿಟ್ಟು ಬಂದರು.

ಗುರುವಾರ ಮರಳಿದ ತಜ್ಞರು ಎಲ್ಲ ಕೇಳಿ, ಔಷಧಿಯಲ್ಲದ ವಸ್ತುವನ್ನು ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದೇಕೆ ಎಂದು ಲಿಖಿತ ವಿವರಣೆ ಕೇಳಿದರು. ಅಡ್ಡಪರಿಣಾಮ ಇಲ್ಲದ್ದರಿಂದ, ಎಂದು ಸಿಸ್ಟರ್ ಬರೆದುಕೊಟ್ಟಳು. ಆಮೇಲೆ ಅದೇ ಶಾಲೆಯ ಇನ್ನೂ ಐದು ಮಕ್ಕಳ ಹೊಟ್ಟೆನೋವಿನ ಫೈಲುಗಳು ಮೇಲಿನಿಂದ ಕೆಳಗೆ ಬಂದವು. ವಿವರಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆರು ವಾರದ ಮೇಲೆ ಹುಡುಗಿ ಒಂದೂವರೆ ಕಿಲೋ ಹೆಚ್ಚಾಗಿ ಬಂದಳು. ಸಿರಪ್ಪನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಕಡಿಮೆ ಮಾಡುವುದು ಹೇಗೆಂದು ಸಿಸ್ಟರ್ ತಾಯಿಗೆ ವಿವರಿಸಿದಳು. ಎಲ್ಲರೂ ಎದ್ದರೂ ಅಜ್ಜ ಮಾತ್ರ ಏಳಲಿಲ್ಲ. ಪಂಚೆ ಸರಿಸಿ ಬಲಮಂಡಿ ತೋರಿಸಿದರು.

"ಅಜ್ಜಾ, ನಾನು ಮಕ್ಕಳನ್ನ ಮಾತ್ರ ನೋಡೋದು," ಎಂದಳು ಸಿಸ್ಟರ್.

"ನೋಡಿ ತಾಯಿ," ಎಂದರು ಅಜ್ಜ, "ನಾನೂ ಯಾರೋ ಒಬ್ಬರ ಮಗನೇ ತಾನೆ."