ಬರ್ತೀನಿ ಅಂದವಳು

ನಮ್ಮ ಅತ್ತೆ ವನಜಾ ಅವರನ್ನು ಪರ್ತ್‌ನ ಜೂಂಡಲಪ್ ಮನೆಯಿಂದ ಎಬ್ಬಿಸುವಷ್ಟರಲ್ಲಿ ನನಗೂ ನನ್ನ ಗಂಡ ಕಿರಣನಿಗೂ ಸಾಕುಬೇಕಾಗಿ ಹೋಯಿತು. ಕಿರಣನಿಗೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಇರೇನ ಬಂದ್ರೆ? ಬಾಗಿಲಿನ ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಕಾ?"

ಇರೇನ ಮೂವತ್ತೆಂಟು ವರ್ಷದ ಹಿಂದಿನ ಗೆಳತಿ. ಮಾವ ಬಾಲಸುಬ್ರಹ್ಮಣ್ಯ ರಾಯಭಾರ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ದೇಶದಲ್ಲಿ ಪಕ್ಕದ ಮನೆಯಾಕೆ. ಆ ದೇಶದ ಹೆಸರನ್ನು ಅತ್ತೆ ಇವತ್ತಿಗೂ ಎತ್ತುವುದಿಲ್ಲ, ‘ಅಲ್ಲಿ’ ಎನ್ನುತ್ತಾರೆ, ಅಷ್ಟೇ. ಅಲ್ಲಿ ಒಬ್ಬ ಜನರಲ್ ದಿನೇದಿನೇ ಬಲಿಯುತ್ತಿದ್ದ. ಮೊದಲು ಪತ್ರಿಕೆಗಳು ನಿಂತವು, ಆಮೇಲೆ ಚುನಾವಣೆ. ಪೊಲೀಸರು ಜನರ ಕಾಗದಗಳನ್ನು ಒಡೆದು ಓದತೊಡಗಿದಾಗ ಅತ್ತೆ ಇರೇನಳಿಗೆ ಕನ್ನಡ ಅಕ್ಷರ ಕಲಿಸಿದರು, ಮುಂದೆ ದೂರವಾದರೆ ಅವಳ ಭಾಷೆಯನ್ನೇ ನಮ್ಮ ಲಿಪಿಯಲ್ಲಿ ತಮಗೆ ಬರೆಯಲಿ ಎಂದು. ಆ ಪೊಲೀಸರ ತಾತನಿಂದಲೂ ಅದನ್ನು ಓದಲಾಗದಲ್ಲ! ಪತ್ರಕರ್ತನಾಗಿದ್ದ ಇರೇನಳ ಗಂಡನನ್ನು ಎಳೆದೊಯ್ದ ವಾರವೇ ರಾಯಭಾರ ಕಚೇರಿಯವರ ಹೆಂಡತಿ ಮಕ್ಕಳನ್ನೆಲ್ಲ ಊರಿಗೆ ಕಳಿಸಿಬಿಟ್ಟರು.

ವರ್ಷದ ಮೇಲೆ ಮೈಸೂರಿಗೆ ಒಂದು ಕಾಗದ ಬಂತು. ಸೊಟ್ಟ ಅಕ್ಷರದಲ್ಲಿ ಒಂದೇ ಪದ: ಬರ್ತೀನಿ.

ಎಡವಟ್ಟಾದದ್ದು ಇಲ್ಲೇ. ದಿನಾ ಸಂಜೆ ಇರೇನಳ ಮನೆಯಿಂದ ಏಳುವಾಗ ಅತ್ತೆ ಹೇಳುತ್ತಿದ್ದದ್ದು ಅದೇ ಮಾತು. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಎಂದು ಅವಳಿಗೆ ಹೇಳಿಕೊಟ್ಟವರೂ ಅವರೇ. ಹಾಗಾದರೆ ಇರೇನ ಬರುತ್ತೇನೆ ಅಂದಳೋ, ಕಡೆಯ ವಿದಾಯ ಹೇಳಿದಳೋ? ಅತ್ತೆ ಬರೆದ ಉತ್ತರಗಳೆಲ್ಲ ಹಿಂದಕ್ಕೆ ಬಂದವು. ಅದು ವಿದಾಯವೇ ಎಂದರು ಮಾವ. ಅವರು ತೀರಿಕೊಳ್ಳುವವರೆಗೂ ಅತ್ತೆ ಆ ಮಾತನ್ನು ಕ್ಷಮಿಸಲಿಲ್ಲ. ಆಮೇಲೆ ಮೈಸೂರಿನ ಮನೆ ಮಾರಿದಾಗ, ಕೊಂಡ ನಂಜುಂಡಪ್ಪನವರ ಗೋಡೆಗೆ ನಮ್ಮ ಪರ್ತ್ ಮನೆಯ ವಿಳಾಸ ಅಂಟಿಸಿಯೇ ವಿಮಾನ ಹತ್ತಿದ್ದು.

ನನಗೂ ರೇಗಿತ್ತು. ಕಾಣದವಳಿಗಾಗಿ ಕಣ್ಣೆದುರು ಇರುವವರನ್ನು ಕಾಡುವುದೇ! ಕೊನೆಗೆ ಮನೆಯನ್ನು ಮಂಗಳೂರಿನ ಜೆಸಿಕಾಗೆ ಬಾಡಿಗೆಗೆ ಕೊಟ್ಟೆವು. ಕನ್ನಡ ಬಲ್ಲವಳು ಎಂಬ ಒಂದೇ ಕಾರಣಕ್ಕೆ ಅತ್ತೆ ಒಪ್ಪಿದರು. ಹೊರಡುವ ದಿನ ಅಡಿಲೇಡಿನ ವಿಳಾಸವನ್ನು ಅವಳ ಕೈಗಿಟ್ಟರು.

"ನಮ್ಮ ಇರೇನ ಬಂದ್ರೆ ಒಳಗೆ ಕರೆದು, ಕಾಫಿ ಕೊಟ್ಟು, ಆಮೇಲೆ ಇದನ್ನ ಕೊಡಮ್ಮ."

"ಖಂಡಿತ ಆಂಟಿ. ನೋಡ್ಲಿಕ್ಕೆ ಹೇಗಿದ್ದಾರೆ ಅವ್ರು?"

"ಎತ್ತರ. ಸೊಂಟದವರೆಗೂ ಕಪ್ಪು ಕೂದಲು. ಮೆಟ್ಟಿಲನ್ನ ಎರಡೆರಡು ಹಾರ್ಕೊಂಡು ಬರ್ತಾಳೆ..."

ಹೊರಗೆ ಕಿರಣ ಹಾರ್ನ್ ಒತ್ತುತ್ತಿದ್ದ. ಅತ್ತೆ ನನ್ನ ಕಡೆ ತಿರುಗಿದರು.

"ಗೌತಮಿ, ಅವಳಿಗೀಗ ಎಪ್ಪತ್ನಾಲ್ಕು, ಅಲ್ವೇನೇ? ಇಲ್ಲಿ ಬಸ್ ಸ್ಟಾಪಲ್ಲಿ ದಿನಾ ಎಷ್ಟೊಂದು ಮುದುಕಿಯರು... ನನ್ನ ಪಕ್ಕದಲ್ಲೇ ಬಂದು ಕೂತಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ."