ಹುಣಸೆ ಮರಕ್ಕೆ ಕಿವಿ ಚುಚ್ಚಿದ್ದು

೧೯೫೬ನೇ ಇಸವಿ. ಊರು ಕೊಯಮತ್ತೂರು. ಹುದ್ದೆ, ಮರದ ಡಾಕ್ಟರು. ಆ ಹುದ್ದೆಗೆ ನನ್ನನ್ನ ನೇಮಿಸಿದ್ದು ನಾನೇ, ಅದಕ್ಕೇ ಇಂಟರ್‌ವ್ಯೂನಲ್ಲಿ ಪಾಸಾದೆ. ಮೈಸೂರು ಕಡೆ ಒಂದು ದೊಡ್ಡ ತೋಟದಲ್ಲಿ ಕೊಂಬೆ ಸವರೋದು, ಗಾಯಕ್ಕೆ ಟಾರು ಬಳಿಯೋದು ಕಲಿತಿದ್ದೆ. ಸೀಳಿದ ಮರಕ್ಕೆ ಆಸರೆ ಕೊಡೋ ವಿದ್ಯೆ ಮಾತ್ರ ಒಂದು ಇಂಗ್ಲಿಷ್ ಪುಸ್ತಕದ ಚಿತ್ರ ನೋಡಿ ಕಲಿತಿದ್ದು. ಚಾಪೆ ಮೇಲೆ ಮಲಗಿ ಈಜು ಕಲಿತ ಹಾಗೆ.

ಸೋದರಮಾವನ ಮನೇಲಿ ಊಟ, ಬೀದಿ ಬೀದೀಲಿ ಅಲೆತ. ಬಾಗಿಲು ತಟ್ಟಿ ಹರಕು ತಮಿಳಲ್ಲಿ ಮರ, ವೈದ್ಯ ಅಂತ ಏನೋ ಅಂದರೆ, "ವಿರಗು ಬೇಡಪ್ಪ" ಅಂತ ಬಾಗಿಲು ಹಾಕೋರು. ಸೌದೆ ಮಾರೋನು ಅಂದ್ಕೊಂಡು. ಒಬ್ಬ ಅಮ್ಮ ಮಾತ್ರ ಖುಷಿಯಾಗಿ ಕರ್ಕೊಂಡು ಹೋಗಿ ತೆಂಗಿನ ಮರ ತೋರಿಸಿದರು. ಅರ್ಧ ಹತ್ತಿ ಸಿಕ್ಕಿಹಾಕಿಕೊಂಡೆ. ನನ್ನನ್ನ ಇಳಿಸೋಕೆ ಬಂದವನು ಹಂಗೇ ಮೇಲೆ ಹೋಗಿ ಕಾಯೀನೂ ಕಿತ್ತುಕೊಟ್ಟ. ಆ ಬೀದೀಲಿ ಅವತ್ತು ಗಿರಾಕಿ ಸಿಕ್ಕಿದ್ದು ಅವನಿಗೆ.

ಒಂದು ದಿನ ಅತ್ತೆ ಸುದ್ದಿ ತಂದರು. "ಕಿಣತ್ತುಕಡವು ಹತ್ರ ಚಿನ್ನಪ್ಪ ಗೌಡರ ತೋಟದಲ್ಲಿ ಹುಣಸೆ ಮರ ಸೀಳಿದೆಯಂತೆ. ನಮ್ಮ ಕನ್ನಡದೋರೇ. ಸೀಕ್ರಂ ಹೋಗೋ, ಕೊಡಲಿಯೋರು ಬರೋಕೆ ಮುಂಚೆ!"

ಮರ ಬಾವಿ ಪಕ್ಕದಲ್ಲಿತ್ತು. ಬುಡ ಒಂದು, ದೊಡ್ಡ ಕವಲು ಎರಡು. ಕವಲು ಕೂಡೋ ಜಾಗದಲ್ಲಿ ಬೆರಳು ತೂರೋ ಅಷ್ಟು ಬಿರುಕು. ಒಂದು ಕವಲು ಪೂರ್ತಿ ಬಾವಿ ಮೇಲೆ ಬಾಗಿತ್ತು, ಅದರ ತುದಿ ಕೆಳಗೇ ಕಪಿಲೆ ಎತ್ತುಗಳು ನೀರೆಳೆಯೋದು. ಕಡಿಸಿಬಿಡೋದು ಅಂತ ಗೌಡರು. ಕೂಡದು ಅಂತ ಅವರ ತಾಯಿ ವೆಂಕಜ್ಜಿ.

"ಆ ಕೊಂಬೆಗೇ ಸೀರೆ ಕಟ್ಟಿ ಮಕ್ಕಳನ್ನ ತೂಗಿದ್ದು ನಾನು. ಇವನನ್ನೂ ತೂಗಿದೆ. ಈಗ ಇವನೇ ಕಡಿತಾನಂತೆ!"

"ಅವ್ವ, ಆಳಿನ ಮೇಲೆ ಬಿದ್ರೆ ಯಾರು ಜವಾಬು?" ಅಂದ ಗೌಡರು ನನ್ನ ಕಡೆ ತಿರುಗಿದರು. "ಏನುಂಗ ತಂಬಿ, ಇದಕ್ಕೊಂದು ಮುಟ್ಟು ಕೊಡೋಕಾಗುತ್ತಾ?"

ಇದೇನೋ ಈ ಕಡೆ ಶಾಸ್ತ್ರ ಅಂದ್ಕೊಂಡೆ. ಚಪ್ಪಲಿ ಬಿಟ್ಟು, ಕೈ ಮುಗಿದು, ಎರಡೂ ಅಂಗೈ ಮರಕ್ಕೆ ಒತ್ತಿ ಕಣ್ಣು ಮುಚ್ಚಿದೆ. "ಮುಟ್ಟಿದೆ" ಅಂದೆ.

ಅಜ್ಜಿ ನಕ್ಕೂ ನಕ್ಕೂ ನೆಲಕ್ಕೆ ಕೂತುಬಿಟ್ಟರು. "ಅಯ್ಯೋ ಕಣ್ಣು, ನನ್ನ ಮಗನೇ! ಮುಟ್ಟು ಅಂದ್ರೆ ಊರುಗೋಲು! ಗೊನೆ ಬಿಟ್ಟ ಬಾಳೆಗೆ ಕೊಡ್ತೀವಲ್ಲ, ಅದು!"

ಮೈಸೂರಲ್ಲಿ ಕೈಯಿಂದ ಮಾಡೋದನ್ನ ಇಲ್ಲಿ ಕಂಬದಿಂದ ಮಾಡ್ತಾರೆ. ಆದರೆ ಕಂಬ ಊರೋಕೆ ಕೆಳಗೆ ನೆಲವೇ ಇಲ್ಲ, ಬಾವಿ. ಆಗ ಪುಸ್ತಕದ ಚಿತ್ರ ನೆನಪಾಯ್ತು. ಎರಡೂ ಕವಲಿಗೆ ಮೇಲೆ ತೂತು ಕೊರೆದು, ಬೋಲ್ಟು ತೂರಿಸಿ, ಮಧ್ಯೆ ಉಕ್ಕಿನ ಹಗ್ಗ ಎಳೆಯೋದು. ಹೊರಗಿಂದ ತಂತಿ ಬಿಗಿದರೆ ಮರ ದಪ್ಪ ಆಗ್ತಾ ಆಗ್ತಾ ಅದೇ ನೇಣಾಗುತ್ತೆ ಅಂತ ಅವರಿಗೆ ವಿವರಿಸಿದೆ.

ಅಜ್ಜಿ ನಗು ನಿಂತಿತು. "ಜೀವ ಇರೋ ಮರಕ್ಕೆ ತೂತಾ?"

"ನಿಮ್ಮ ಕಿವಿಗೂ ತೂತಿದೆಯಲ್ಲಜ್ಜಿ. ಕಿವಿ ಸತ್ತುಹೋಯ್ತಾ?" ನನ್ನ ಬಾಯಿಗೆ ಬೀಗ ಹಾಕೋ ಬೋಲ್ಟು ಇನ್ನೂ ಯಾರೂ ಮಾಡಿಲ್ಲ.

ಗೌಡರು ಕಣ್ಣು ಕೆಕ್ಕರಿಸಿದರು. ಅಜ್ಜಿ ನಿಧಾನಕ್ಕೆ ತಮ್ಮ ಓಲೆ ಮುಟ್ಟಿ ನೋಡ್ಕೊಂಡರು. "ಕಿವಿ ಚುಚ್ಚೋದು ಅಂತ ಮೊದಲೇ ಹೇಳೋದಲ್ವಾ? ಆದ್ರೆ ಸೋದರಮಾವ ಬೇಕು. ಮಾವನ ತೊಡೆ ಇಲ್ದೆ ಎಲ್ಲಾದ್ರೂ ಚುಚ್ತಾರಾ?"

ಮರ ಅಜ್ಜಿಯ ಮಗು, ಅಂದಮೇಲೆ ಮಾವ ಯಾರು? ಅಜ್ಜಿಯ ತಮ್ಮ. ಪಲ್ಲಡಂನಿಂದ ಬಾಳೆಹಣ್ಣು, ಬೆಲ್ಲ, ಹೊಸ ಬಟ್ಟೆ, ಒಂದು ಗಾಡಿ ನೆಂಟರ ಸಮೇತ ಇಳಿದರು. ಮರ ತೊಡೆ ಮೇಲೆ ಕೂರಲ್ಲ, ಅದಕ್ಕೆ ಮಾವನೇ ಬೇರಿನ ಮೇಲೆ ಕೂತರು. ನಾನು ಬೈರಿಗೆ ಹಿಡಿದು ಹತ್ತಿದೆ.

ಹುಣಸೆ ಒಳಗಿನ ಚೇಗು ಕಲ್ಲು. ಬೈರಿಗೆ ತಿರುಗೋ ಬದಲು ನಾನೇ ತಿರುಗಿದೆ.

"ಮರ ಅಳ್ತಿದೆಯಾ ಕಣ್ಣು?" ಅಂತ ಕೆಳಗಿಂದ ಅಜ್ಜಿ.

"ಇಲ್ಲಜ್ಜಿ, ನಾನು ಅಳ್ತಿದೀನಿ!"

ಅಂತೂ ಬೋಲ್ಟು ಕೂತವು. ಹಗ್ಗಾನ ವೀಣೆ ತಂತಿ ಹಂಗೆ ಬಿಗಿದು, ಜಂಬದಿಂದ ಕವಲಿನ ಮೇಲೇ ಕೂತೆ. ಒಂದು ಗಾಳಿ ಬೀಸಿತು ನೋಡಿ, ಬೋಲ್ಟು ಕಿರ್ರ್ ಅಂತು. ನನ್ನ ಹಲ್ಲೂ ಅಂತು. ಮರಕ್ಕೆ ತೂಗಾಡೋಕೆ ಬಿಡದೇ ಹೋದ್ರೆ ಅಷ್ಟೂ ಭಾರ ಬೋಲ್ಟಿನ ತಲೆ ಮೇಲೇ ಬೀಳುತ್ತೆ ಅಂತ ಪುಸ್ತಕ ಹೇಳಿತ್ತೋ ಇಲ್ಲವೋ, ನನ್ನ ಕೂತ ಜಾಗ ಹೇಳಿತು. ಹಗ್ಗ ಜೋಲಬಾರದು, ಬಿಗಿಯಲೂಬಾರದು. ಸಣ್ಣ ಗಾಳಿಗೆ ಕವಲು ತಾನೇ ಆಡಬೇಕು, ದೊಡ್ಡ ಗಾಳಿಗೆ ಮಾತ್ರ ಹಗ್ಗ ಹಿಡೀಬೇಕು. ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ತುದಿ ಕೊಂಬೆ ಸವರಿ ಭಾರ ಇಳಿಸಿದೆ. ಅಜ್ಜಿ ಏಣಿ ಮೂಲಕ ಅರಿಶಿನ ಕಳಿಸಿದರು. ಬೋಲ್ಟಿಗೆ ಹಚ್ಚಿದೆ. ಪುಸ್ತಕದಲ್ಲಿರಲಿಲ್ಲ, ಹಚ್ಚಿದೆ.

"ಆಡಿ ತಿಂಗಳ ಗಾಳಿ ತಡೆದ್ರೆ ಮರ ಇರ್ಲಿ, ಇಲ್ದಿದ್ರೆ ಕೊಡಲಿ. ಅಲ್ಲೀವರೆಗೆ ಎತ್ತು ಈ ಕಡೆ ಬರಲ್ಲ," ಅಂದರು ಗೌಡರು.

ಆಡಿ ಅಂದ್ರೆ ನಮ್ಮ ಆಷಾಢ, ಪಾಲ್ಘಾಟ್ ಕಣಿವೆಯಿಂದ ನುಗ್ಗೋ ಆ ತಿಂಗಳ ಗಾಳಿ ಹೆಂಚು ಹಾರಿಸುತ್ತೆ. ಆ ವರ್ಷ ನನ್ನ ನಿದ್ದೇನೂ ಹಾರಿಸ್ತು. ಗಾಳಿ ಇಳಿದ ಮೇಲೆ ಉಕ್ಕಡಂ ಹತ್ರ ಬಸ್ ಹಿಡಿದು ಹೋದೆ. ದೂರದಿಂದಲೇ ಕಪಿಲೆ ಗಾಲಿ ಕಿರುಗುಟ್ಟೋದು ಕೇಳಿಸ್ತು. ಎತ್ತು ಮರದ ಕೆಳಗಿದ್ವು, ಗೌಡರೇ ಹೊಡೀತಿದ್ದರು. ಬಿರುಕು ಕಳೆದ ಸಲಕ್ಕಿಂತ ಒಂದು ಕೂದಲೆಳೆಯಷ್ಟೂ ಹಿಗ್ಗಿರಲಿಲ್ಲ.

ಆಮೇಲೆ ಗಿರಾಕಿ ಹುಡುಕಿಕೊಂಡು ಹೋಗೋದು ತಪ್ಪಿತು. ಅವತ್ತು ಬೆಲ್ಲ ತಿಂದ ನೆಂಟರೇ ಊರೂರಿಂದ ಹೇಳಿಕಳಿಸ್ತಾರೆ. ಆದರೆ ಹಗ್ಗ, ಬೋಲ್ಟು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. "ನಮ್ಮ ಬೇವಿಗೂ ಕಿವಿ ಚುಚ್ಚಬೇಕು, ಮಾವ ರೆಡಿ ಇದಾರೆ" ಅಂತಾರೆ. ಮರ ಹತ್ತೋಕೆ ಮುಂಚೆ ಮರದವರ ಮಾತು ತಲೆಗೆ ಹತ್ತಬೇಕು, ಕಸುಬು ನನಗೆ ಕಲಿಸಿದ್ದು ಇದು. ಸದ್ಯ ಪಲ್ಲಡಂನಲ್ಲಿ ಒಂದು ಆಲದ ಮರ ಕಾಯ್ತಿದೆ. ಬೋಲ್ಟು ಇದೆ, ಹಗ್ಗ ಇದೆ, ನಾನಿದೀನಿ. ಆ ಮರದ ಮಾವ ಮಾತ್ರ ಮುನಿಸಿಕೊಂಡಿದ್ದಾರೆ.