ಖಾರದ ಟೀಚರ್ ಮತ್ತು ಮುಂದಿನ ಗೇಟು

ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಖಾರದ ಟೀಚರ್. ಇಟ್ಟವರು ಯಾವಾಗಲೋ ಶಾಲೆ ಬಿಟ್ಟು ಹೋದರು. ಈಗ ಅವರ ಮಕ್ಕಳು ಅದೇ ಬೆಂಚಿನ ಮೇಲೆ ಕೂತು, ಅದೇ ಹೆಸರು ಪಿಸುಗುಟ್ಟಿ ನಗುತ್ತಾರೆ. ಟೀಚರಿಗೆ ಅದು ಗೊತ್ತು, ಬೇಜಾರೇನೂ ಇಲ್ಲ. “ಸಪ್ಪೆ ಟೀಚರ್ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ” ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಅಂದುಬಿಟ್ಟರು. ಅಲ್ಲಿದ್ದ ಇಬ್ಬರು ಮೂವರು ಅದು ತಮಗೇ ಹೇಳಿದ್ದೆಂದು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು. ಹೇಳಿದ್ದು ಅವರಿಗೇ.

ಬೇಸಿಗೆ ರಜೆ ಬಂತೆಂದರೆ ಆ ಶಾಲೆಯ ಮೇಷ್ಟ್ರುಗಳಿಗೆಲ್ಲ ಏನಾದರೊಂದು ಗಂಟು ಬೀಳುತ್ತಿತ್ತು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಊರಿಗೆ ಬರಲೇಬೇಕೆಂದು ಅತ್ತೆಯ ಹಟ. ಲೆಕ್ಕದಲ್ಲಿ ಫೇಲಾದವರಿಗೆ ನಡೆಸುವ ಬೇಸಿಗೆ ತರಗತಿ ಯಾರಿಗೂ ಬೇಡ. ಆ ತರಗತಿ ನಡೆಯುತ್ತಿದ್ದುದು ಸೈಕಲ್ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಅಲ್ಲಿನ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ವರ್ಷವಿಡೀ ತಲೆಗೆ ಹತ್ತದ ಪಾಠವನ್ನೇ ತೆಗೆದು, ಇನ್ನಷ್ಟು ಗಟ್ಟಿಯಾಗಿ ಹೇಳುವುದು, ಅಷ್ಟೇ ಅಲ್ಲಿನ ವಿದ್ಯೆ. ಮಕ್ಕಳ ಕಿವಿಯೇನೋ ಚೆನ್ನಾಗಿಯೇ ಇತ್ತು.

ಖಾರದ ಟೀಚರು ಆ ತರಗತಿಯನ್ನು ಕೇಳಿ ತೆಗೆದುಕೊಂಡವರು. ಪುಸ್ತಕದ ಕೊನೆಯ ಪಾಠವನ್ನು ಮುಚ್ಚಿಟ್ಟು, ಯಾವ ಮಗುವಿನ ಎಳೆ ಎಲ್ಲಿ ತುಂಡಾಗಿದೆ ಎಂದು ಹುಡುಕುತ್ತ ಹಿಂದೆ ಹಿಂದೆ ಹೋಗುವುದು ಅವರ ದಾರಿ. ಈ ವರ್ಷ ಬಂದವರಲ್ಲಿ ಇಸ್ತ್ರಿ ಅಂಗಡಿಯಾಕೆಯ ಮಗಳೊಬ್ಬಳಿದ್ದಳು. ಕೇಳಿದ್ದಕ್ಕೆ ಉತ್ತರವಿಲ್ಲ, ಕತ್ತು ಎತ್ತುವುದಿಲ್ಲ. ಮೊದಲ ವಾರದಲ್ಲೇ ಟೀಚರು ಅವಳ ಎಳೆ ಹಿಡಿದರು. ಚಿಕ್ಕ ತರಗತಿಯಲ್ಲಿ ಕಾಯಿಲೆ ಬಿದ್ದಾಗ ಭಾಗಾಕಾರ ತಪ್ಪಿಹೋಗಿತ್ತು, ಅದರ ಮೇಲೆ ಕಟ್ಟಿದ್ದೆಲ್ಲ ಅಲುಗಾಡುತ್ತಿತ್ತು. ಅಲ್ಲಿಂದ ಹಿಡಿದು ತಿದ್ದಿದ್ದೇ ತಡ, ಹುಡುಗಿ ಸರಸರನೆ ಬಿಡಿಸತೊಡಗಿದಳು. ಈ ಸಲವೂ ಫೇಲಾದರೆ ಓದು ಸಾಕು, ಇಸ್ತ್ರಿ ಮೇಜಿನ ಮುಂದೆ ನಿಲ್ಲಲಿ ಎಂದು ಅವಳ ತಾಯಿ ಆಗಲೇ ಹೇಳಿಬಿಟ್ಟಿದ್ದಳು. ಅದನ್ನು ಕೇಳಿದಾಗಿನಿಂದ ಟೀಚರಿಗೆ ಅವಳ ಮೇಲೆ ಒಂದು ಕಣ್ಣು.

ಎರಡನೆಯ ವಾರ ಶಾಲೆಯ ಮುಂಭಾಗದಲ್ಲಿ ಫೀಸು ಕಟ್ಟಿದವರ ಬೇಸಿಗೆ ಶಿಬಿರ ಶುರುವಾಯಿತು. ಚಿತ್ರ ಬರೆಯುವುದು, ನಾಟಕ, ಈಜು, ಎಲ್ಲರಿಗೂ ಹಳದಿ ಟೀ ಶರ್ಟು. ಅದೇ ದಿನ ಹೆಡ್‌ಮಾಸ್ಟರು ಟೀಚರನ್ನು ಕರೆದು, ಇನ್ನು ಮೇಲೆ ನಿಮ್ಮ ಮಕ್ಕಳು ಹಿಂದಿನ ಗೇಟಿನಿಂದ ಬರಲಿ ಎಂದರು.

“ಯಾಕೆ ಸಾರ್? ನಮ್ಮ ಮಕ್ಕಳು ಕಳ್ಳತನ ಮಾಡಿದಾರಾ?”

“ಹಾಗಲ್ಲ ಮೇಡಂ. ಶಿಬಿರದ ತಂದೆ ತಾಯಿ ಮುಂದೆ ಓಡಾಡ್ತಿರ್ತಾರೆ. ನೋಡೋಕೆ ಒಂಥರಾ...”

“ಒಂಥರಾ ಏನು?”

ಹೆಡ್‌ಮಾಸ್ಟರು ಮೇಜಿನ ಮೇಲಿದ್ದ ಪೆನ್ನನ್ನು ಅಲ್ಲಿಂದ ಇಲ್ಲಿಗೆ ಇಟ್ಟರು. ಟೀಚರಿಗೆ ಅಷ್ಟು ಸಾಕಾಯಿತು.

“ಒಂಥರಾ ಏನು ಅಂತ ನಾನು ಹೇಳ್ತೀನಿ ಸಾರ್. ರಜೆ ಪೂರ್ತಿ ಮುಂದಿನ ಗೇಟಿನ ಮಕ್ಕಳು ಓದ್ತಾರೆ, ಆಡ್ತಾರೆ, ಹೊಸದು ಕಲೀತಾರೆ. ಹಿಂದಿನ ಗೇಟಿನ ಮಕ್ಕಳು ಸೋತ ಪಾಠದ ಮುಂದೇನೇ ಕೂತು ಇನ್ನೊಂದ್ಸಲ ಸೋಲ್ತಾರೆ. ಸ್ಕೂಲು ಶುರುವಾದ ದಿನ ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಓಡಿ ಅಂತೀವಿ. ಆಮೇಲೆ ಇವರು ಯಾಕೆ ಹಿಂದೆ ಬಿದ್ರು ಅಂತ ಮೀಟಿಂಗು ಮಾಡ್ತೀವಿ. ಬೆಳಿಗ್ಗೆ ಲೆಕ್ಕ ನಾನು ನೋಡ್ಕೋತೀನಿ. ಮಧ್ಯಾಹ್ನ ನಮ್ಮ ಮಕ್ಕಳೂ ಬಣ್ಣ ಬಳೀಲಿ, ನಾಟಕ ಆಡ್ಲಿ. ಎಲ್ಲರ ಜೊತೆ.”

“ಮುಂದಿನ ವರ್ಷ ನೋಡೋಣ ಮೇಡಂ.”

“ಈ ಮಾತು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳ್ತಿದೀನಿ. ನಾಳೆ ನಾವು ಮುಂದಿನ ಗೇಟಲ್ಲೇ ಬರ್ತೀವಿ.”

ಟೀಚರಿಗೆ ಹಿಂದಿನ ಗೇಟು ಕಂಡರೆ ಮೈ ಉರಿಯುವುದಕ್ಕೆ ಕಾರಣವಿತ್ತು. ಅವರ ಅಕ್ಕನೂ ಹುಡುಗಿಯಾಗಿದ್ದಾಗ ಇಂಥದೇ ಒಂದು ಬೇಸಿಗೆ ತರಗತಿಗೆ, ಬೇರೊಂದು ಶಾಲೆಯ ಹಿಂದಿನ ಗೇಟಿನಿಂದ ಹೋಗಿ ಬರುತ್ತಿದ್ದಳು. ಒಂದು ದಿನ ಬಂದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ತಂಗಿಯ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಶಿನ್ ಇಟ್ಟುಕೊಂಡಿದ್ದಾಳೆ. ಆ ಗೇಟೇ ಅಕ್ಕನ ಓದನ್ನು ನುಂಗಿತು ಎಂದು ಟೀಚರು ಮನಸ್ಸಿನಲ್ಲಿ ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು.

ಮರುದಿನ ಮುಂದಿನ ಗೇಟಿಗೆ ಬೀಗ, ಶಿಬಿರದವರು ಬಂದರೆ ಮಾತ್ರ ತೆಗೆಯಬೇಕೆಂದು ಅಪ್ಪಣೆ. ಒಳಗಡೆ ನಿಂತ ವಾಚ್‌ಮ್ಯಾನ್ ಕೈ ಜೋಡಿಸಿದ. “ಟೀಚರಮ್ಮ, ನಿಮ್ಮನ್ನ ಬಿಟ್ರೆ ನನ್ನ ಕೆಲಸ ಹೋಗುತ್ತೆ.”

“ನೀನು ತೆಗೀಬೇಡಪ್ಪ. ನಾವು ಇಲ್ಲೇ ಕೂತ್ಕೋತೀವಿ.”

ಗೇಟಿನ ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ತರಗತಿ ಶುರುವಾಯಿತು. ಬೋರ್ಡಿಲ್ಲ, ಚಾಕಿಲ್ಲ. ಟೀಚರು ಸುತ್ತ ನೋಡಿದಾಗ ಇಸ್ತ್ರಿಯಾಕೆಯ ಮಗಳ ಬ್ಯಾಗಿನಿಂದ ಪೇಂಟಿಂಗ್ ಬ್ರಶ್ಶೊಂದು ಇಣುಕುತ್ತಿತ್ತು. ಬಣ್ಣವನ್ನೇ ಕಾಣದ ಹೊಸ ಬ್ರಶ್ಶು. ಅದನ್ನು ಎಳೆದುಕೊಂಡು ನೀರಿನ ಬಾಟಲಿಗೆ ಅದ್ದಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ದೊಡ್ಡದಾಗಿ ಒಂದು ಭಾಗಾಕಾರ ಬರೆದರು. ಮಕ್ಕಳಿಗೆ ಕುಣಿಯುವಷ್ಟು ಖುಷಿ. ತಪ್ಪಾದರೆ ಅಳಿಸುವ ಗೋಜೇ ಇಲ್ಲ, ಬಿಸಿಲೇ ಅಳಿಸುತ್ತದೆ. ಟೀಚರಿಗೂ ಹುಮ್ಮಸ್ಸು ಬಂತು. “ಬ್ರಶ್ಶು ತಂದವಳು ಜಾಣೆ! ಎದ್ದು ನಿಲ್ಲಮ್ಮ, ಎಲ್ಲರೂ ನೋಡ್ಲಿ!” ಎಂದು ಕೂಗಿದರು.

ಆ ಹೊತ್ತಿಗೆ ಅಪ್ಪನ ಕಾರಿನಿಂದ ಇಳಿದ ಹಳದಿ ಟೀ ಶರ್ಟಿನ ಹುಡುಗಿಯೊಬ್ಬಳು ನಿಂತು ನೋಡಿದಳು. ಅವಳ ಮನೆಯ ಬಟ್ಟೆಯೂ ಇಸ್ತ್ರಿಗೆ ಹೋಗುತ್ತಿದ್ದುದು ಅದೇ ಅಂಗಡಿಗೆ. “ಏ, ನೀನು ಪೇಂಟಿಂಗ್ ಕ್ಲಾಸಿಗೆ ಸೇರಿದೀನಿ ಅಂದಿದ್ದೆ? ಇಲ್ಲಿ ಫೇಲಾದೋರ ಜೊತೆ ಕೂತಿದೀಯಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಎದ್ದು ನಿಂತಿದ್ದ ಹುಡುಗಿಯ ಮುಖ ಬಿಳಿಚಿತು. ಬ್ಯಾಗು ಎತ್ತಿಕೊಂಡು ಮೆಟ್ಟಿಲು ಇಳಿದು ಹೋಗೇಬಿಟ್ಟಳು. ಬ್ರಶ್ಶು ಟೀಚರ ಕೈಯಲ್ಲೇ ಉಳಿಯಿತು.

ಮರುದಿನ ಅವಳು ಬರಲಿಲ್ಲ. ಸಂಜೆ ಟೀಚರು ಮನೆಗೆ ಬಂದು, ಎಲ್ಲ ಆ ಹಳದಿ ಹುಡುಗಿಯಿಂದ, ಎಲ್ಲ ಆ ಹೆಡ್‌ಮಾಸ್ಟರಿಂದ ಎಂದು ಹಾರಾಡಿದರು. ಅಕ್ಕ ಮೆಶಿನ್ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು.

“ಮುಂದಿನ ಗೇಟಲ್ಲಿ ಕೂರ್ತೀಯಾ ಅಂತ ಆ ಮಗೂನ ಕೇಳಿದ್ಯಾ?”

“ಕೇಳೋದೇನು ಬಂತು? ಅವರಿಗೋಸ್ಕರ ತಾನೇ ನಾನು...”

“ನಾನು ಸ್ಕೂಲು ಬಿಟ್ಟಿದ್ದು ಹಿಂದಿನ ಗೇಟಿಗೆ ಹೆದರಿ ಅಲ್ಲ ಕಣೇ. ಚಿಕ್ಕಮ್ಮನ ಮನೆಗೆ ಹೋಗ್ತೀನಿ ಅಂತ ಬೀದಿಗೆಲ್ಲ ಸುಳ್ಳು ಹೇಳಿದ್ದೆ. ಒಂದಿನ ಎಲ್ಲರ ಮುಂದೆ ಸಿಕ್ಕಿಬಿದ್ದೆ. ಅವತ್ತು ಸಾಯೋಷ್ಟು ನಾಚಿಕೆ ಆಯ್ತು.” ಅಷ್ಟು ಹೇಳಿ ಅಕ್ಕ ಮತ್ತೆ ಮೆಶಿನ್ ತುಳಿಯತೊಡಗಿದಳು.

ಟೀಚರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ತಾನು ದ್ವೇಷಿಸಿದ್ದು ಗೇಟನ್ನು. ಕೊನೆಗೆ ತಾನೇ ಒಂದು ಮಗುವನ್ನು ಬೀದಿಯಲ್ಲಿ ಎಬ್ಬಿಸಿ ನಿಲ್ಲಿಸಿದ್ದಾಯಿತು. ಮನೆಯೊಳಗಿನ ಚಪ್ಪಲಿಯಲ್ಲೇ ಇಸ್ತ್ರಿ ಅಂಗಡಿಗೆ ನಡೆದರು.

ಅಂಗಡಿಯ ಒಳಗೆ ಹಬೆ ತುಂಬಿತ್ತು. ಹುಡುಗಿ ಮೂಲೆಯಲ್ಲಿ ಶರ್ಟು ಮಡಿಸುತ್ತಿದ್ದಳು. “ಇನ್ನು ಬರಲ್ಲ ಅಂತಾಳೆ ಟೀಚರ್” ಎಂದಳು ತಾಯಿ, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು. “ನನಗೂ ಒಂದು ಕೈ ಆಗುತ್ತೆ, ಇರ್ಲಿ ಬಿಡಿ.”

ಟೀಚರು ಬಟ್ಟೆಯ ಗಂಟಿನ ಪಕ್ಕ ನೆಲದ ಮೇಲೇ ಕೂತರು. “ನಿನ್ನ ಕೇಳದೆ ಅಲ್ಲಿ ಕೂರಿಸಿದೆ, ನಿಲ್ಲಿಸಿದೆ. ನನ್ನದೇ ತಪ್ಪು ಮಗಳೇ. ನಾಳೆಯಿಂದ ಹಿಂದಿನ ಗೇಟಲ್ಲೇ ಬಾ. ನಾನೂ ಅಲ್ಲಿಂದಾನೇ ಬರ್ತೀನಿ. ಗೇಟು ಹಾಳಾಗಿ ಹೋಗ್ಲಿ, ನೀನು ಲೆಕ್ಕ ಬಿಡಬೇಡ.” ಬ್ರಶ್ಶನ್ನು ಮುಂದೆ ಹಿಡಿದರು. ಹುಡುಗಿ ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. ಇನ್ನೊಂದು ಶರ್ಟು ಮಡಿಸಿದಳು.

ಬೆಳಿಗ್ಗೆ ಟೀಚರು ಹೇಳಿದಂತೆಯೇ ಹಿಂದಿನ ಗೇಟಿಗೆ ಹೋದರು. ತಮ್ಮ ಜನ್ಮದಲ್ಲೇ ಅಷ್ಟು ತಗ್ಗಿ ಅವರು ನಡೆದಿರಲಿಲ್ಲ. ಮಕ್ಕಳೆಲ್ಲ ಬಂದರು, ಅವಳೊಬ್ಬಳು ಬರಲಿಲ್ಲ. ಎಷ್ಟು ಹೊತ್ತು ಕಾದರೂ ಇಲ್ಲ. ಇಸ್ತ್ರಿ ಮೇಜೇ ಗೆದ್ದಿತು ಎಂದು ಟೀಚರು ಕೋಣೆಯ ಬಾಗಿಲು ತೆಗೆಯುತ್ತಿದ್ದಾಗ ನೀರು ಕುಡಿಯಲು ಮುಂಭಾಗಕ್ಕೆ ಹೋಗಿದ್ದ ಅವರದೇ ವಿದ್ಯಾರ್ಥಿನಿಯೊಬ್ಬಳು ಏದುಸಿರು ಬಿಡುತ್ತ ಓಡಿ ಬಂದಳು. “ಟೀಚರ್, ಅವಳು ಮುಂದಿನ ಗೇಟಲ್ಲಿ ಜಗಳ ಆಡ್ತಿದಾಳೆ!”

ಟೀಚರು ಓಡಿದರು. ಮಕ್ಕಳೂ ಓಡಿದರು. ಶೆಡ್ಡು ದಾಟಿ, ಅಂಗಳ ದಾಟಿ ಮುಂಭಾಗಕ್ಕೆ ಬಂದಾಗ ಗೇಟಿನ ಸರಳು ಹಿಡಿದು ಹೊರಗೆ ಅವಳು ನಿಂತಿದ್ದಳು, ಒಳಗೆ ಹೆಡ್‌ಮಾಸ್ಟರು. ಸುತ್ತ ಹಳದಿ ಟೀ ಶರ್ಟುಗಳು, ಅವರ ಅಪ್ಪ ಅಮ್ಮಂದಿರು. ಟೀಚರ ಬಾಯಿಗೆ ಮಾತು ಬಂತು. ಈ ಸಲ ಹಲ್ಲು ಕಚ್ಚಿ ಅದನ್ನು ನುಂಗಿಕೊಂಡರು.

“ಸಾರ್, ನಾನು ಲೆಕ್ಕದಲ್ಲಿ ಫೇಲಾಗಿದೀನಿ” ಎನ್ನುತ್ತಿದ್ದಳು, ಅದುವರೆಗೆ ಕತ್ತು ಎತ್ತದ ಆ ಹುಡುಗಿ. ಧ್ವನಿ ರಸ್ತೆಯ ಆಚೆಗೂ ಕೇಳುವಷ್ಟಿತ್ತು. “ಕಲಿಯೋಕೆ ಬಂದಿದೀನಿ. ಈ ಗೇಟು ಪಾಸಾದೋರಿಗೆ ಮಾತ್ರಾನಾ? ಹೌದು ಅಂದ್ರೆ ಹೇಳಿಬಿಡಿ, ಹೋಗ್ತೀನಿ.”

ಹೆಡ್‌ಮಾಸ್ಟರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಷ್ಟು ಜನರ ಮುಂದೆ ಹೌದು ಎನ್ನುವುದು ಹೇಗೆ?

ಹುಡುಗಿ ಆ ಹಳದಿ ಟೀ ಶರ್ಟಿನವಳ ಕಡೆ ತಿರುಗಿದಳು. “ಪೇಂಟಿಂಗ್ ಕ್ಲಾಸಿಗೆ ಸೇರಿದೀನಿ ಅಂದಿದ್ದು ಸುಳ್ಳು. ಸೇರಬೇಕು ಅಂತ ಆಸೆ ಇತ್ತು, ಅದಕ್ಕೇ ಹೇಳಿದ್ದೆ.” ಆ ಹುಡುಗಿ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡಳು.

“ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಿ ಮಗೂನ?” ಎಂದು ಶಿಬಿರದ ಮಗುವೊಂದರ ಅಜ್ಜ ಗದರಿದರು. “ತೆಗಿಯಪ್ಪ” ಎಂದರು ಹೆಡ್‌ಮಾಸ್ಟರು, ತಾವೇ ಮೊದಲಿನಿಂದ ಹಾಗೆ ಹೇಳುತ್ತಿದ್ದ ಹಾಗೆ. ವಾಚ್‌ಮ್ಯಾನ್ ಬೀಗದಲ್ಲಿ ಕೀಲಿ ಆಗಲೇ ತಿರುಗಿಸಿ ಆಗಿತ್ತು.

ಹುಡುಗಿ ಒಳಗೆ ಬಂದು ನೆಟ್ಟಗೆ ಟೀಚರ ಮುಂದೆ ನಿಂತಳು. ಖಾರದ ಟೀಚರ ಕಣ್ಣು ತುಂಬಿತ್ತು, ಅದನ್ನು ಯಾರು ನೋಡಿದರೂ ಅವರಿಗೆ ಪರಿವೆ ಇರಲಿಲ್ಲ. ಹುಡುಗಿ ಕೈ ಚಾಚಿದಳು. ಅವಳು ಮಾತಾಡಿದ್ದು ಟೀಚರ ಹತ್ತಿರ, ನೋಡಿದ್ದು ಮಾತ್ರ ಹೆಡ್‌ಮಾಸ್ಟರ ಕಡೆ.

“ನನ್ನ ಬ್ರಶ್ಶು ಕೊಡಿ ಟೀಚರ್. ಲೆಕ್ಕ ಮುಗಿಸಿ ಮಧ್ಯಾಹ್ನ ಪೇಂಟಿಂಗ್ ಕ್ಲಾಸಿಗೆ ಹೋಗ್ಬೇಕು.”